ನಡುವಯಸ್ಸಿನಲ್ಲಿ ದಾರಿ ಬದಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತು ಹದಿನೈದು ವರ್ಷ ಒಂದೇ ಕೆಲಸದಲ್ಲೋ ಮನೆವಾರ್ತೆಯಲ್ಲೋ ಕಳೆದು, ಮೂವತ್ತೈದು ನಲವತ್ತು ದಾಟಿದ ಮೇಲೆ ಬೇರೊಂದು ಬದುಕಿನ ಕಡೆ ಹೊರಳಬೇಕೆಂದು ಮನಸ್ಸು ಮಾಡಿದವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಮಾತುಕತೆಯಲ್ಲಿ ಮತ್ತು ಪತ್ರಗಳಲ್ಲಿ ಬಂದ ಈ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರಗಳ ಹಿಂದಿರುವ ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಹೊಸ ಬದುಕನ್ನು ಹಳೆಯ ಬದುಕಿನ ಬಿಡುವಿನಲ್ಲೇ ಶುರು ಮಾಡಬೇಕು, ರಾಜೀನಾಮೆ ಕೊಡುವುದು ಕಟ್ಟಕಡೆಯ ಕೆಲಸ. ಇಲ್ಲಿ ಹೇಳಿರುವ ನಿಯಮಗಳೂ ಮಿತಿಗಳೂ ಆಗಾಗ ಬದಲಾಗುವುದರಿಂದ, ಅರ್ಜಿ ಹಾಕುವ ಮುನ್ನ ಆಯಾ ಕಚೇರಿಯ ಇತ್ತೀಚಿನ ಅಧಿಸೂಚನೆಯನ್ನು ನೋಡಿಕೊಳ್ಳಿ.

## ಶುರುವಿನ ಪ್ರಶ್ನೆಗಳು

ನನಗೀಗ ನಲವತ್ತೆರಡು. ಹೊಸದಾಗಿ ಏನಾದರೂ ಶುರು ಮಾಡಲು ತಡವಾಯಿತಲ್ಲವೇ ಮೇಡಂ?

ಕೆಲವಕ್ಕೆ ತಡವಾಗಿದೆ, ಬಹಳಷ್ಟಕ್ಕೆ ಆಗಿಲ್ಲ. ಕೇಂದ್ರದ ನಾಗರಿಕ ಸೇವಾ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ 32 ವರ್ಷವೇ ಕೊನೆ. ರಾಜ್ಯ ಸರ್ಕಾರದ ನೇಮಕಾತಿಗಳಲ್ಲಿ ಮೂಲ ನಿಯಮದಂತೆ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ ಒಂದಕ್ಕೆ 40 ವರ್ಷದ ಮಿತಿ ಇದೆ. ಒಮ್ಮೊಮ್ಮೆ ಒಂದು ಬಾರಿಯ ಸಡಿಲಿಕೆ ಬರುವುದುಂಟು, ಆದರೆ ಅದನ್ನು ನಂಬಿ ಕೂರುವುದು ಜಾಣತನವಲ್ಲ. ಮೂರು ವರ್ಷದ ಕಾನೂನು ಪದವಿಗೆ, ಮುಕ್ತ ವಿಶ್ವವಿದ್ಯಾಲಯದ ಪದವಿಗೆ, ಸ್ವಂತ ಉದ್ಯೋಗಕ್ಕೆ, ಕೃಷಿಗೆ ವಯಸ್ಸು ಅಡ್ಡಬರುವುದಿಲ್ಲ. ಅರವತ್ತರವರೆಗೆ ದುಡಿಯುತ್ತೀರೆಂದು ಇಟ್ಟುಕೊಂಡರೂ ನಿಮ್ಮ ಮುಂದೆ ಇನ್ನೂ 18 ವರ್ಷಗಳಿವೆ. ಅದರಲ್ಲಿ ನಾಲ್ಕನ್ನು ಕಲಿಕೆಗೆ ಕೊಟ್ಟರೂ ಹದಿನಾಲ್ಕು ಉಳಿಯುತ್ತದೆ. ನಲವತ್ತರ ನಂತರ ನಿಜವಾಗಿ ಭಾರವಾಗುವುದು ವಯಸ್ಸಿಗಿಂತ ಹೆಚ್ಚಾಗಿ ಮನೆಸಾಲದ ಕಂತು, ಮಕ್ಕಳ ಶುಲ್ಕ ಮತ್ತು ಅಪ್ಪ-ಅಮ್ಮನ ಔಷಧಿ. ಮುಂದಿನ ಉತ್ತರಗಳಲ್ಲಿ ಬಹುಪಾಲು ಇವುಗಳನ್ನು ಕುರಿತೇ ಇವೆ.

ಏನು ಬೇಡ ಅನ್ನುವುದು ಗೊತ್ತು, ಏನು ಬೇಕು ಅನ್ನುವುದೇ ಗೊತ್ತಿಲ್ಲ. ಎಲ್ಲಿಂದ ಹಿಡಿಯಲಿ?

ನಿಮಗೆ ಬೇಕಾದ ಹುದ್ದೆಯನ್ನು ಊಹಿಸಿಕೊಳ್ಳುವ ಬದಲು ಅದರ ಒಂದು ಸಾದಾ ಮಂಗಳವಾರವನ್ನು ಊಹಿಸಿಕೊಳ್ಳಿ. ಊಹೆ ಸಾಲದಾದಾಗ ಹೋಗಿ ನೋಡಿ. ಹೈನುಗಾರಿಕೆ ಮಾಡಬೇಕೆನ್ನುವವರಿಗೆ ನಾನು ಹೇಳುವುದು ಇಷ್ಟೇ: ಪರಿಚಯದ ಹಳ್ಳಿಯೊಂದರಲ್ಲಿ ನಾಲ್ಕು ದಿನ ಉಳಿದು, ಬೆಳಗಿನ ಜಾವ ಹಾಲು ಕರೆಯುವವರ ಜೊತೆ ಎದ್ದು, ಕ್ಯಾನು ಹಿಡಿದು ಡೇರಿಯ ಸಾಲಿನಲ್ಲಿ ನಿಲ್ಲಿ. ಕಾರ್ಯದರ್ಶಿ ಹಾಲಿನ ಮಾದರಿ ತೆಗೆದು ಯಂತ್ರಕ್ಕೆ ಹಾಕುತ್ತಾರೆ. ಫ್ಯಾಟ್ ಎಷ್ಟು, ಎಸ್‌.ಎನ್‌.ಎಫ್. (ಕೊಬ್ಬನ್ನು ಬಿಟ್ಟು ಉಳಿದ ಘನಾಂಶ) ಎಷ್ಟು ಎಂದು ಬಂದ ಅಂಕಿಯ ಮೇಲೆ ಆ ಹೊತ್ತಿನ ದರ ನಿಂತಿರುತ್ತದೆ. ಹಿಂಡಿ ಬದಲಾಯಿಸಿದ್ದು, ಹಸು ಬೆದೆಗೆ ಬಂದದ್ದು, ಹಸಿಮೇವು ಸಿಗದೇ ಹೋದದ್ದು ಎಲ್ಲವೂ ಆ ಅಂಕಿಯಲ್ಲಿ ಕಾಣುತ್ತವೆ. ಸಂಜೆ ಮತ್ತೆ ಅದೇ ಕೆಲಸ, ಯುಗಾದಿಯ ದಿನವೂ ಅದೇ ಕೆಲಸ. ಇದನ್ನು ಕಂಡ ಮೇಲೂ ಬೇಕೆನಿಸಿದರೆ ಆ ಬಯಕೆಗೆ ಬುಡವಿದೆ ಎಂದರ್ಥ. ದೂರದ ಬೆಟ್ಟ ನುಣ್ಣಗೆ ಕಾಣುವುದು ಎಲ್ಲ ಕಸುಬುಗಳ ವಿಷಯದಲ್ಲೂ ನಿಜ. ಬೇಕರಿ, ಶಾಲೆ, ಸ್ಟುಡಿಯೋ, ವಕೀಲರ ಕಚೇರಿ ಯಾವುದಾದರೂ ಹೀಗೆಯೇ ಹತ್ತಿರದಿಂದ ನೋಡಬಹುದು. ವರ್ಷದ ರಜೆಯಲ್ಲಿ ಒಂದು ವಾರವನ್ನು ಇದಕ್ಕೆ ಮೀಸಲಿಟ್ಟರೆ ಸಾಕು.

ಇದು ನಿಜವಾದ ಆಸೆಯೋ ಬರೀ ಬೇಸರವೋ ತಿಳಿಯುವುದು ಹೇಗೆ?

ಮೇಲಧಿಕಾರಿ ಬದಲಾಗಿ, ಓಡಾಟ ಅರ್ಧಕ್ಕೆ ಇಳಿದು, ಸಂಬಳ ಮೂರನೇ ಒಂದು ಪಾಲು ಹೆಚ್ಚಾದರೆ ಆಗಲೂ ಈ ಬದಲಾವಣೆ ಬೇಕೇ ಎಂದು ಕೇಳಿಕೊಳ್ಳಿ. ಬೇಡ ಎನಿಸಿದರೆ ನೀವು ಬದಲಿಸಬೇಕಾಗಿರುವುದು ಕಂಪನಿಯನ್ನು ಮಾತ್ರ. ಎಲ್ಲವೂ ಬೇಡವೆನಿಸುತ್ತಿದ್ದರೆ, ಇಷ್ಟದ ಊಟ, ಸಂಗೀತ, ಸ್ನೇಹಿತರೂ ರುಚಿಸದೆ, ನಿದ್ರೆ ಕೆಟ್ಟು ವಾರಗಳೇ ಕಳೆದಿದ್ದರೆ, ಅದು ಖಿನ್ನತೆಯೂ ಆಗಿರಬಹುದು. ಅಂಥ ಸಮಯದಲ್ಲಿ ದೊಡ್ಡ ನಿರ್ಧಾರ ತೆಗೆದುಕೊಳ್ಳಬೇಡಿ. 2022ರಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಅನ್ನುತ್ತಾರೆ. ನನಗೆ ಎರಡು ತಿಂಗಳಾದರೂ ಆಗಲಿಲ್ಲ. ನನ್ನಲ್ಲೇ ಏನೋ ಕೊರತೆಯೇ?

ಕೊರತೆ ಇರುವುದು ಆ ಲೆಕ್ಕದಲ್ಲಿ. ಮುಖದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಬ್ಬರು 1960ರಲ್ಲಿ ಬರೆದರು. ಕಾಲಕ್ರಮದಲ್ಲಿ 'ಕನಿಷ್ಠ' ಎಂಬುದು ಕಳಚಿಬಿದ್ದು ಅದೇ ಎಲ್ಲ ಅಭ್ಯಾಸಗಳ ನಿಯಮವಾಗಿ ಹರಡಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಸುಮಾರು ನೂರು ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸಣ್ಣ ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಿಸುಮಾರು 66 ದಿನ ಬೇಕಾಯಿತು, ಅದೂ ಕೆಲವರಿಗೆ 18 ದಿನ, ಇನ್ನು ಕೆಲವರಿಗೆ 254 ದಿನಗಳವರೆಗೆ. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚಿನ ನಷ್ಟವೇನೂ ಆಗಿರಲಿಲ್ಲ. ಊಟದ ಜೊತೆ ನೀರು ಕುಡಿಯುವಂಥ ಸಣ್ಣ ಅಭ್ಯಾಸಗಳಿಗೇ ಇಷ್ಟು ಏರುಪೇರಿದ್ದರೆ, ಕಚೇರಿಯಿಂದ ಬಂದು ರಾತ್ರಿ ಎರಡು ಗಂಟೆ ಓದುವ ಅಭ್ಯಾಸಕ್ಕೆ ಅರ್ಧ ವರ್ಷ ಹಿಡಿದರೆ ಆಶ್ಚರ್ಯಪಡಬೇಕಾಗಿಲ್ಲ.

## ಹಣದ ಪ್ರಶ್ನೆಗಳು

ಕೆಲಸ ಬಿಡುವ ಮುನ್ನ ಕೈಯಲ್ಲಿ ಎಷ್ಟು ದುಡ್ಡಿರಬೇಕು?

ಆರು ತಿಂಗಳ ಖರ್ಚು ಸಾಕು ಎನ್ನುವ ಮಾತು ಒಂಟಿಯಾಗಿರುವ, ಸಾಲವಿಲ್ಲದ ಇಪ್ಪತ್ತೈದರ ಹುಡುಗರಿಗೆ ಹೊಂದೀತು. ಸಂಸಾರಸ್ಥರು ಕನಿಷ್ಠ ಒಂದೂವರೆ ವರ್ಷದ ಖರ್ಚನ್ನು ಕೈಯಲ್ಲಿಟ್ಟುಕೊಂಡಿರಬೇಕು ಎಂಬುದು ನನ್ನ ಅಭಿಪ್ರಾಯ. ಖರ್ಚೆಷ್ಟು ಎಂಬುದನ್ನು ನೆನಪಿನಿಂದ ಹೇಳಬೇಡಿ. ಹಾಗೆ ಹೇಳಿದವರ ಲೆಕ್ಕ ವಾಸ್ತವಕ್ಕಿಂತ ಕಡಿಮೆಯೇ ಇರುತ್ತದೆ. ಹಿಂದಿನ ಹನ್ನೆರಡು ತಿಂಗಳ ಬ್ಯಾಂಕಿನ ವಿವರ ತೆಗೆದು, ಹೋದ ಹಣವನ್ನೆಲ್ಲ ಕೂಡಿಸಿ ಹನ್ನೆರಡರಿಂದ ಭಾಗಿಸಿ. ತಿಂಗಳ ದಿನಸಿ, ಬಾಡಿಗೆ, ಕರೆಂಟು ಬಿಲ್ಲು ಎಲ್ಲರಿಗೂ ನೆನಪಿರುತ್ತವೆ. ಮೇ-ಜೂನಿನ ಶಾಲಾ ಶುಲ್ಕ, ವರ್ಷಕ್ಕೊಮ್ಮೆ ಬರುವ ವಿಮೆಯ ಕಂತು, ಮನೆ ಕಂದಾಯ, ಗಾಡಿಯ ಟೈರು, ತಂಗಿಯ ಮಗನ ಮುಂಜಿಗೆ ಕೊಟ್ಟ ಉಡುಗೊರೆ, ಗೌರಿಹಬ್ಬದ ಬಾಗಿನ ಇವು ಮರೆತುಹೋಗಿರುತ್ತವೆ.

ಮೊತ್ತ ಕೂಡಿಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹೊಸ ಬದುಕಿನಲ್ಲಿ ತಿಂಗಳಿಗೆ 30,000 ರೂಪಾಯಿ ಬರಬಹುದೆಂದು ನಿಮ್ಮ ಅಂದಾಜಿದ್ದರೆ, ಸಂಬಳ ಬರುತ್ತಿರುವಾಗಲೇ ಆರು ತಿಂಗಳು 30,000ದಲ್ಲೇ ಮನೆ ನಡೆಸಿ, ಉಳಿದದ್ದನ್ನು ಮುಟ್ಟದ ಖಾತೆಗೆ ಹಾಕಿ. ಮೊದಲ ತಿಂಗಳು ಎಲ್ಲರೂ ಹುರುಪಿನಲ್ಲಿರುತ್ತಾರೆ. ಮೂರನೆಯ ತಿಂಗಳು ಹಲ್ಲುನೋವೋ, ಫ್ರಿಜ್ಜಿನ ರಿಪೇರಿಯೋ, ಮಗಳ ಶಾಲೆಯ ಪ್ರವಾಸವೋ ಬಂದಾಗ ಮನೆಯಲ್ಲಿ ಯಾರು ಯಾವುದನ್ನು ಬಿಡಲು ತಯಾರಿದ್ದಾರೆ, ಯಾರು ಇಲ್ಲ ಎಂಬುದು ಗೊತ್ತಾಗುತ್ತದೆ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎನ್ನುವುದು ಹಳೆಯ ಮಾತು. ಕುಡಿಕೆ ಎಷ್ಟು ಬೇಗ ಬರಿದಾಗುತ್ತದೆ ಎಂಬುದನ್ನು ಸಂಬಳ ನಿಲ್ಲುವ ಮುನ್ನವೇ ಅಳೆದುಕೊಳ್ಳಬಹುದು. ಈ ಆರು ತಿಂಗಳ ಪ್ರಯೋಗದಲ್ಲೇ ಬಹಳ ಜನ ತಮ್ಮ ಯೋಜನೆಯನ್ನು ತಿದ್ದಿಕೊಳ್ಳುತ್ತಾರೆ. ಕೈಸಾಲ, ಚಿನ್ನದ ಮೇಲಿನ ಸಾಲ, ಕ್ರೆಡಿಟ್ ಕಾರ್ಡಿನ ಬಾಕಿ ಇದ್ದವರು ಅವು ತೀರುವವರೆಗೆ ರಾಜೀನಾಮೆಯ ಯೋಚನೆಯನ್ನೇ ಮುಂದಕ್ಕೆ ಹಾಕಲಿ.

ಪಿ.ಎಫ್. ತೆಗೆದು ಬಂಡವಾಳ ಹಾಕಬಹುದೇ? ಗ್ರಾಚ್ಯುಟಿ ಎಷ್ಟು ಬರುತ್ತದೆ?

ಕಾಯಂ ನೌಕರರಿಗೆ ಸತತ ಐದು ವರ್ಷದ ಸೇವೆಯಾಗಿದ್ದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಸಿಗುತ್ತದೆ. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸುವುದು ಅದರ ಲೆಕ್ಕ. ಆ ವೇತನ 40,000 ರೂಪಾಯಿ, ಸೇವೆ 12 ವರ್ಷ ಆಗಿದ್ದರೆ ಸುಮಾರು 2.77 ಲಕ್ಷ ಬರುತ್ತದೆ. ನಾಲ್ಕು ವರ್ಷ ಕಳೆದು ಐದು ತುಂಬಲು ಕೆಲವೇ ತಿಂಗಳು ಉಳಿದಿದ್ದರೆ ಕಾಯುವುದೇ ಲಾಭ.

ಪಿ.ಎಫ್. ವಿಷಯದಲ್ಲಿ ಎರಡು ಗಡಿಗಳನ್ನು ನೆನಪಿಡಿ. ಐದು ವರ್ಷಕ್ಕೆ ಮುಂಚೆ ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ಪಿ.ಎಫ್. ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷದ ಸೇವೆ ಇದ್ದರೆ 58ರ ನಂತರ ತಿಂಗಳ ಪಿಂಚಣಿಗೆ ಅರ್ಹತೆ ಬರುತ್ತದೆ. ಒಂಬತ್ತು ವರ್ಷಕ್ಕೇ ಹೊರಟು ಪಿಂಚಣಿಯ ಹಣವನ್ನೂ ಕಿತ್ತುಕೊಂಡರೆ ಆ ಹಕ್ಕು ಹೋಯಿತು. ಗ್ರಾಚ್ಯುಟಿಯನ್ನು ಬೇಕಾದರೆ ಬಂಡವಾಳಕ್ಕೆ ಹಾಕಿ, ಪಿ.ಎಫ್. ಮಾತ್ರ ಮುಟ್ಟಬೇಡಿ ಎನ್ನುತ್ತೇನೆ. ಹೊಸ ದಾರಿ ಕೈಕೊಟ್ಟರೂ ಮುಪ್ಪಿಗೆ ಅದೊಂದು ಇರಲಿ.

ಕಂಪನಿಯ ಆರೋಗ್ಯ ವಿಮೆ ಹೋದರೆ ಅಪ್ಪ-ಅಮ್ಮನ ಗತಿ ಏನು?

ಕೆಲಸದಲ್ಲಿರುವಾಗಲೇ ಸ್ವಂತ ಪಾಲಿಸಿ ಮಾಡಿಸಿ. ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಹೆಚ್ಚೆಂದರೆ ಮೂರು ವರ್ಷ ಎಂದು 2024ರಲ್ಲಿ ನಿಯಮವಾಗಿದೆ. ಆ ಗಡಿಯಾರ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಕಂಪನಿಯ ಗುಂಪು ವಿಮೆಯಿಂದ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲೂ ಅವಕಾಶವಿದೆ. ನೋಟಿಸ್ ಅವಧಿಯಲ್ಲೇ ಮಾನವ ಸಂಪನ್ಮೂಲ ವಿಭಾಗವನ್ನು ಕೇಳಿ. ಬಿ.ಪಿ.ಎಲ್. ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ಊರಿಗೆ ಮರಳಿ ಸಹಕಾರ ಸಂಘದ ಸದಸ್ಯರಾಗುವವರು ಯಶಸ್ವಿನಿ ಯೋಜನೆಯ ನೋಂದಣಿ ಯಾವಾಗ ತೆರೆಯುತ್ತದೆ ಎಂದು ಸಂಘದಲ್ಲಿ ವಿಚಾರಿಸುತ್ತಿರಲಿ.

ಸ್ವಂತಕ್ಕೆ ಏನಾದರೂ ಮಾಡಲು ತರಬೇತಿ, ಸಾಲ ಎಲ್ಲಿ ಸಿಗುತ್ತದೆ?

ಮೊದಲು ತರಬೇತಿ. ಧರ್ಮಸ್ಥಳ ಕ್ಷೇತ್ರವೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಸೇರಿ 1982ರಲ್ಲಿ ಉಜಿರೆಯಲ್ಲಿ ಶುರು ಮಾಡಿದ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಸಹಿತ ಉಚಿತವಾಗಿ ಕಸುಬು ಕಲಿಸುತ್ತದೆ. ಅದೇ ಮಾದರಿಯಲ್ಲಿ ಬ್ಯಾಂಕುಗಳು ಬೇರೆ ಜಿಲ್ಲೆಗಳಲ್ಲೂ ಸ್ವಉದ್ಯೋಗ ತರಬೇತಿ ಕೇಂದ್ರಗಳಾದ ಆರ್‌ಸೆಟಿಗಳನ್ನು ನಡೆಸುತ್ತಿವೆ. ಹೊಲಿಗೆ, ಜೇನು, ಹೈನುಗಾರಿಕೆ, ಮೊಬೈಲ್ ರಿಪೇರಿ ಮುಂತಾದವು ಅಲ್ಲಿ ಸಿಗುತ್ತವೆ. ವಯೋಮಿತಿಯನ್ನು ಹತ್ತಿರದ ಕೇಂದ್ರದಲ್ಲಿ ಕೇಳಿಕೊಳ್ಳಿ. ಸಾಲಕ್ಕೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000ದವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ, ತರುಣದಲ್ಲಿ 10 ಲಕ್ಷದವರೆಗೆ ಅವಕಾಶವಿದೆ. ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿಗೆ ಸರ್ಕಾರಕ್ಕೆ ಒಂದು ಪೈಸೆಯೂ ಕೊಡಬೇಕಾಗಿಲ್ಲ. ಹಣ ಕೇಳುವ ಜಾಲತಾಣಗಳೆಲ್ಲ ಮಧ್ಯವರ್ತಿಗಳವು.

## ಓದು ಮತ್ತು ಹೊಸ ವೃತ್ತಿ

ಮದುವೆಯಾಗಿ ಓದು ನಿಂತುಹೋಯಿತು. ಎಸ್ಸೆಸ್ಸೆಲ್ಸಿಯೇ ಮುಗಿದಿಲ್ಲ. ಈಗ ಓದಿದರೆ ನಗುತ್ತಾರೇನೋ.

ನಗುವವರು ಫಲಿತಾಂಶ ಬರುವವರೆಗೆ ನಗುತ್ತಾರೆ. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಲು ಗರಿಷ್ಠ ವಯಸ್ಸಿನ ಅಡ್ಡಿಯಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪರಿಚಿತ ಪಠ್ಯವೇ ಆದ್ದರಿಂದ ಇದು ಹತ್ತಿರದ ದಾರಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಇರುವುದರಿಂದ, ಗಣಿತ ಉಳಿದುಕೊಂಡರೆ ಇಡೀ ವರ್ಷ ಕಾಯಬೇಕಾಗಿಲ್ಲ. ರಾಷ್ಟ್ರೀಯ ಮುಕ್ತ ಶಾಲೆಯಲ್ಲೂ ಗರಿಷ್ಠ ವಯಸ್ಸಿಲ್ಲ. ಆಮೇಲೆ ಪಿ.ಯು.ಸಿ., ಆನಂತರ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪದವಿ. ಆ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಯು.ಜಿ.ಸಿ. 2015ರಲ್ಲಿ ಹಿಂತೆಗೆದುಕೊಂಡು 2018ರಲ್ಲಿ ಮತ್ತೆ ಕೊಟ್ಟಿತು. ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಗಳು ಪಟ್ಟ ಪಾಡು ಸಣ್ಣದಲ್ಲ. ಆದ್ದರಿಂದ ಯಾವ ದೂರಶಿಕ್ಷಣ ಸಂಸ್ಥೆಯೇ ಇರಲಿ, ನೀವು ಸೇರುವ ಕೋರ್ಸಿಗೆ ಆ ವರ್ಷದ ಅನುಮತಿ ಇದೆಯೇ ಎಂದು ಯು.ಜಿ.ಸಿ. ಪಟ್ಟಿಯಲ್ಲಿ ನೋಡಿಯೇ ಶುಲ್ಕ ಕಟ್ಟಿ.

ಹೆಣ್ಣುಮಕ್ಕಳು ನನಗೆ ಹೇಳುವ ನಿಜವಾದ ತೊಂದರೆ ಪಠ್ಯಕ್ಕೆ ಸಂಬಂಧಿಸಿದ್ದೇ ಅಲ್ಲ. ಓದಲು ಕೂತಾಗ ಯಾರೋ ಕಾಫಿ ಕೇಳುತ್ತಾರೆ. ಮನೆಯಲ್ಲಿ ಓದುವ ಹೊತ್ತು ಸಿಗದಿದ್ದರೆ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ 2023ರಿಂದ ಮಹಿಳೆಯರಿಗೆ ಟಿಕೆಟ್ಟಿನ ಖರ್ಚಿಲ್ಲ. ಮನೆಯಿಂದ ಹೊರಗೆ ಕಳೆದ ಒಂದೂವರೆ ಗಂಟೆಯ ಓದು ಒಳಗಿನ ಮೂರು ಗಂಟೆಗೆ ಸಮ.

ನಲವತ್ತರ ಮೇಲೆ ಎಲ್‌.ಎಲ್‌.ಬಿ. ಮಾಡಿ ವಕೀಲನಾಗಬೇಕೆಂದಿದೆ. ಆಗುತ್ತದೆಯೇ?

ಆಗುತ್ತದೆ. ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 45, ಹಿಂದುಳಿದ ವರ್ಗದವರಿಗೆ ಶೇ. 42, ಪರಿಶಿಷ್ಟರಿಗೆ ಶೇ. 40 ಅಂಕ ಇದ್ದರೆ ಮೂರು ವರ್ಷದ ಕೋರ್ಸಿಗೆ ಸೇರಬಹುದು. ಬಾರ್ ಕೌನ್ಸಿಲ್ 2016ರಲ್ಲಿ ಮತ್ತೆ ತಂದ 30 ವರ್ಷದ ಮಿತಿಗೆ ಸುಪ್ರೀಂ ಕೋರ್ಟ್ 2017ರಲ್ಲಿ ತಡೆ ನೀಡಿತು. ಕರ್ನಾಟಕದ ಬಹುಪಾಲು ಕಾನೂನು ಕಾಲೇಜುಗಳು ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗಿವೆ. ಇದು ಅಂಚೆಯಲ್ಲಿ ಮುಗಿಯುವ ಓದಲ್ಲ, ದೂರಶಿಕ್ಷಣದ ಎಲ್‌.ಎಲ್‌.ಬಿ.ಯಿಂದ ವಕೀಲರಾಗಲು ಬರುವುದಿಲ್ಲ. ಹತ್ತನೆಯ ತರಗತಿ, ಪಿ.ಯು.ಸಿ. ದಾಟದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದವರಿಗೂ ಬಾರ್ ಕೌನ್ಸಿಲ್ ನಿಯಮ ಅಡ್ಡಬರುತ್ತದೆ. ಓದು ಮುಗಿದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ. ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ ಮೀರಬಾರದೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಪೂರ್ಣಾವಧಿ ನೌಕರಿ ಇಟ್ಟುಕೊಂಡು ವಕೀಲಿಕೆ ಮಾಡುವಂತಿಲ್ಲ ಎಂಬುದನ್ನೂ ಮೊದಲೇ ತಿಳಿದಿರಿ.

ಕಷ್ಟ ಶುರುವಾಗುವುದು ಕಪ್ಪು ಕೋಟು ಹಾಕಿದ ಮೇಲೆ. ಹಿರಿಯ ವಕೀಲರ ಕಚೇರಿಗೆ ಬೆಳಿಗ್ಗೆ ಬೇಗ ಹೋಗಿ ಅಂದಿನ ಪಟ್ಟಿ ನೋಡಿ ಫೈಲುಗಳನ್ನು ಜೋಡಿಸಬೇಕು. ಒಂದು ಕೋರ್ಟ್ ಹಾಲಿನಿಂದ ಇನ್ನೊಂದಕ್ಕೆ ಓಡಿ, ಸೀನಿಯರ್ ಬರುವವರೆಗೆ ಪಾಸ್‌ ಓವರ್ (ಪ್ರಕರಣವನ್ನು ಆ ದಿನವೇ ತುಸು ತಡವಾಗಿ ಕರೆಯುವಂತೆ) ಕೇಳಬೇಕು ಅಥವಾ ವಾಯಿದೆ ತೆಗೆದುಕೊಂಡು ಮುಂದಿನ ದಿನಾಂಕವನ್ನು ಡೈರಿಯಲ್ಲಿ ಬರೆಯಬೇಕು. ಪಕ್ಕದಲ್ಲಿ ಇದೇ ಕೆಲಸ ಮಾಡುತ್ತಿರುವವರಿಗೆ ಇಪ್ಪತ್ತಮೂರು ವರ್ಷ. ನಿಮಗೆ ಸೂಚನೆ ಕೊಡುವವರಿಗೆ ಮೂವತ್ತೆರಡು. ಕಿರಿಯರಿಗೆ ಸಿಗುವ ಮೊತ್ತ ಬಹಳ ಕಡೆ ಪೆಟ್ರೋಲಿಗೂ ಊಟಕ್ಕೂ ಸರಿಹೋಗುವಷ್ಟೇ. ಬ್ಯಾಂಕು, ಕಂದಾಯ, ನಿರ್ಮಾಣ, ವಿಮೆ ಇಂಥ ಕ್ಷೇತ್ರಗಳಿಂದ ಬಂದವರಿಗೆ ಒಂದು ಅನುಕೂಲವುಂಟು: ದಾಖಲೆ ಓದುವುದು, ಕಕ್ಷಿದಾರರೊಡನೆ ಮಾತಾಡುವುದು ಅವರಿಗೆ ಆಗಲೇ ಬರುತ್ತದೆ. ಹಳೆಯ ಅನುಭವಕ್ಕೆ ಹೊಂದುವ ವ್ಯಾಜ್ಯಗಳನ್ನೇ ಹಿಡಿದವರು ಬೇಗ ನೆಲೆ ಕಾಣುತ್ತಾರೆ. ಓದಿನ ಮೂರು ವರ್ಷದ ಜೊತೆಗೆ ಆಮೇಲಿನ ಎರಡು ವರ್ಷವನ್ನೂ ಆದಾಯವಿಲ್ಲದ ಕಾಲವೆಂದೇ ಲೆಕ್ಕಕ್ಕೆ ಹಿಡಿಯಿರಿ.

## ಊರಿಗೆ ಮರಳುವವರ ಪ್ರಶ್ನೆಗಳು

ಬೆಂಗಳೂರು ಸಾಕಾಯಿತು. ನಾವು ರೈತ ಕುಟುಂಬದವರಲ್ಲ, ಜಮೀನು ಕೊಳ್ಳಬಹುದೇ?

ಕೊಳ್ಳಬಹುದು. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಕರಲ್ಲದವರನ್ನೂ ಕೃಷಿಯೇತರ ಆದಾಯ ಹೆಚ್ಚಿರುವವರನ್ನೂ ತಡೆಯುತ್ತಿದ್ದವು; 2020ರ ತಿದ್ದುಪಡಿಯಲ್ಲಿ ಅವು ರದ್ದಾದವು. ತಿದ್ದುಪಡಿ ಸರಿಯೇ ಎಂಬ ವಾದ ರೈತ ಸಂಘಟನೆಗಳಲ್ಲಿ ಇನ್ನೂ ಜೀವಂತವಾಗಿದೆ, ಅದನ್ನು ತಿಳಿದೇ ಹಳ್ಳಿಗೆ ಹೋಗುವುದು ಒಳ್ಳೆಯದು. ಕಾನೂನು ಸಡಿಲವಾದರೂ ದಾಖಲೆಗಳ ತೊಡಕು ಹಾಗೆಯೇ ಇದೆ. ಪಹಣಿಯಲ್ಲಿ ಮಾರುವವರ ಹೆಸರು ಒಬ್ಬರದೇ ಇದೆಯೋ ಜಂಟಿಯೋ, ಪೋಡಿ (ಅಳತೆ ಮಾಡಿ ಪಾಲು ಬೇರ್ಪಡಿಸುವುದು) ಆಗಿದೆಯೋ, 11ಇ ನಕ್ಷೆ (ಮಾರುವ ಭಾಗದ ಸರ್ವೆ ನಕ್ಷೆ) ಇದೆಯೋ, ಋಣಭಾರ ಪ್ರಮಾಣಪತ್ರದಲ್ಲಿ ಸಾಲ ಕಾಣುತ್ತದೆಯೋ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯೇ ಎಂದು ವಿಚಾರಿಸಿ. ಅಂಥ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ಕ್ರಯ ಅಸಿಂಧುವಾಗುತ್ತದೆ, ಎಷ್ಟು ಕೈ ಬದಲಾಗಿದ್ದರೂ ಸರಿ. ಮೂಲ ಮಂಜೂರಾತಿಯ ಕಾಗದ ತೋರಿಸಲು ಹಿಂಜರಿಯುವವರಿಂದ ಕೊಳ್ಳಬೇಡಿ.

ತೋಟ ಹಾಕಿದರೆ ಎಷ್ಟು ವರ್ಷಕ್ಕೆ ಕೈಗೆ ಕಾಸು ಬರುತ್ತದೆ?

ಕಾಫಿ ಫಸಲು ಕೊಡಲು ಮೂರು ನಾಲ್ಕು ವರ್ಷ, ಅಡಿಕೆಗೆ ಐದರಿಂದ ಏಳು, ನಾಟಿ ತೆಂಗಿಗೆ ಆರೇಳು ವರ್ಷ ಬೇಕು. ನಡುವೆ ಬಾಳೆ, ತರಕಾರಿ, ಹಸು ಕೈಹಿಡಿಯಬೇಕು. ವಾರಾಂತ್ಯದ ತೋಟಗಾರಿಕೆ ಬಹುಪಾಲು ಆಳಿನ ಕೂಲಿಯಲ್ಲಿ ಕರಗುತ್ತದೆ. ಪಂಪಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಎದ್ದು ಹೋಗಿ ಗೇಟ್‌ವಾಲ್ವ್ ತಿರುಗಿಸುವವರು ಯಾರು ಎಂಬುದನ್ನು ಜಮೀನು ನೋಡುವಾಗಲೇ ಯೋಚಿಸಿ. ನನ್ನ ಸಲಹೆ: ಕೊಳ್ಳುವ ಮುನ್ನ ಎರಡು ಬೆಳೆಗಾಲ ಅದೇ ಭಾಗದಲ್ಲಿ ಬಾಡಿಗೆ ಮನೆ ಮಾಡಿ ಇರಿ, ಒಂದು ಬೇಸಿಗೆಯಂತೂ ಕಳೆಯಲೇಬೇಕು. ಮಳೆಗಾಲದಲ್ಲಿ ಜಮೀನು ನೋಡಿ ಮುಂಗಡ ಕೊಟ್ಟವರು ಏಪ್ರಿಲ್‌ನಲ್ಲಿ ಕೊಳವೆಬಾವಿಯ ಮುಂದೆ ನಿಂತಾಗಲೇ ಆ ಜಮೀನನ್ನು ನಿಜವಾಗಿ ನೋಡುವುದು.

## ಮನೆ, ಮಂದಿ, ಮನಸ್ಸು

ಹೆಂಡತಿ ಒಪ್ಪುತ್ತಿಲ್ಲ. ಹೇಗೆ ಒಪ್ಪಿಸಲಿ?

ಒಪ್ಪಿಸುವ ಮೊದಲು ಅವರು ಬೇಡವೆನ್ನುವುದು ಯಾತಕ್ಕೆ ಎಂದು ಪೂರ್ತಿ ಕೇಳಿಸಿಕೊಳ್ಳಿ. ಬಹಳ ಮನೆಗಳಲ್ಲಿ ಆಕ್ಷೇಪ ಇರುವುದು ಕನಸಿನ ಮೇಲಲ್ಲ, ಲೆಕ್ಕದ ಮೇಲೆ: ಶುಲ್ಕ ಎಲ್ಲಿಂದ, ಅತ್ತೆಯ ಡಯಾಲಿಸಿಸ್ ಯಾವ ಊರಲ್ಲಿ, ಮನೆ ನಡೆಸಲು ತನ್ನೊಬ್ಬಳ ಸಂಬಳವೇ ಗತಿಯೇ. ಉತ್ತರವಿಲ್ಲದ ಪ್ರಶ್ನೆಗಳನ್ನು ಭಾವುಕತೆಯಿಂದ ಮುಚ್ಚಿದರೆ ಅವು ಬಡ್ಡಿ ಸಮೇತ ಮರಳುತ್ತವೆ. ಇನ್ನೊಂದು ವಿಷಯವನ್ನು ಗಂಡಸರಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಿಮ್ಮ ಬದಲಾವಣೆಯ ವರ್ಷಗಳಲ್ಲಿ ಸಂಸಾರದ ಭಾರ ಹೊರುವವರಿಗೂ ಬಿಟ್ಟುಹೋದ ಒಂದು ದಾರಿ ಇರಬಹುದು. ಅವರ ಸರದಿ ಯಾವಾಗ ಎಂಬುದೂ ಅದೇ ಒಪ್ಪಂದದಲ್ಲಿ ಸೇರಬೇಕು.

ನೆಂಟರು "ಈಗ ಏನು ಮಾಡ್ಕೊಂಡಿದೀರಿ" ಅಂದರೆ ಏನು ಹೇಳಲಿ?

ಒಂದು ವಾಕ್ಯ ತಯಾರಿಟ್ಟುಕೊಳ್ಳಿ: "ಕಾನೂನು ಓದುತ್ತಿದ್ದೇನೆ, ಎರಡನೇ ವರ್ಷ." ವಿವರಣೆ ಕೊಟ್ಟಷ್ಟೂ ಸಲಹೆ ಹೆಚ್ಚು ಬರುತ್ತದೆ. ಮದುವೆಮನೆಯ ಎರಡನೇ ಪಂಕ್ತಿ ಏಳುವ ಹೊತ್ತಿಗೆ ಮಾತು ಬೇರೆಯವರ ಮನೆಗೆ ಹೋಗಿರುತ್ತದೆ.

ಎಲ್ಲರೂ ಗೆದ್ದವರ ಕಥೆಯನ್ನೇ ಹೇಳುತ್ತಾರೆ. ಅವುಗಳಿಂದ ಕಲಿಯುವುದೇನಾದರೂ ಇದೆಯೇ?

ಇದೆ, ಆದರೆ ಕಥೆಯ ನಡುಭಾಗವನ್ನು ಓದಬೇಕು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಎಂದೊಡನೆ ಜನ 2003ರಲ್ಲಿ ಶುರುವಾದ ಅಗ್ಗದ ವಿಮಾನಯಾನವನ್ನು ನೆನೆಯುತ್ತಾರೆ. ಸೇನೆ ಬಿಟ್ಟ ಮೇಲೆ ಅವರು ಜಾವಗಲ್ ಬಳಿಯ ಬರಡು ಜಮೀನಿನಲ್ಲಿ ತೆಂಗು, ರೇಷ್ಮೆ ಎಂದು ವರ್ಷಗಟ್ಟಲೆ ದುಡಿದದ್ದು, ಆ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂದದ್ದು ಹಿಂದೆ ಸರಿಯುತ್ತದೆ. ಸೇನೆಗೂ ವಿಮಾನಕ್ಕೂ ನಡುವೆ ಎರಡು ದಶಕಗಳಿಗೂ ಹೆಚ್ಚು ಅಂತರವಿದೆ. ನನಗೆ ಇನ್ನೂ ಇಷ್ಟವಾಗುವ ಉದಾಹರಣೆ ಮಾಸ್ತಿ ವೆಂಕಟೇಶ ಅಯ್ಯಂಗಾರರದು. ಸಾಹಿತಿಯಾಗಲು ಅವರು ನೌಕರಿ ಬಿಡಲಿಲ್ಲ. ಮೈಸೂರು ಸಂಸ್ಥಾನದ ಅಧಿಕಾರಿಯಾಗಿ ಊರೂರು ಸುತ್ತುತ್ತಲೇ ಕತೆ ಬರೆದರು. 1943ರಲ್ಲಿ ಸೇವೆಯಿಂದ ಹೊರಬರುವ ಹೊತ್ತಿಗೆ ಸಣ್ಣಕತೆಯಲ್ಲಿ ಅವರ ಸ್ಥಾನ ಗಟ್ಟಿಯಾಗಿತ್ತು. ಜ್ಞಾನಪೀಠ ಬಂದದ್ದು ಅದಾದ ನಲವತ್ತು ವರ್ಷಕ್ಕೆ.

ಎರಡು ವರ್ಷವಾಯಿತು, ಗಿಟ್ಟುತ್ತಿಲ್ಲ. ಹಳೆಯ ಕೆಲಸಕ್ಕೆ ಮರಳಿದರೆ ಸೋತಂತೆಯೇ?

ಈ ಪ್ರಶ್ನೆಗೆ ಉತ್ತರವನ್ನು ಹೊರಡುವ ಮುನ್ನವೇ ಬರೆದಿಟ್ಟಿರಬೇಕು: ಇಂಥ ದಿನಾಂಕದವರೆಗೆ, ಇಷ್ಟು ಹಣ ಕರಗುವವರೆಗೆ, ಆಮೇಲೆ ನಿಲ್ಲಿಸುತ್ತೇನೆ ಎಂದು. ಬರೆದಿಡದವರು ಈಗಲಾದರೂ ಕೂತು ಬರೆಯಿರಿ, ಏಕೆಂದರೆ ನಷ್ಟದ ನಡುವೆ ಇರುವವರಿಗೆ ಇನ್ನೊಂದು ಹಂಗಾಮು ನೋಡೋಣ ಎಂದೇ ಅನಿಸುತ್ತದೆ. ಹಂಗಾಮಿಗೆ ಹಂಗಾಮು ನಷ್ಟ ಕಡಿಮೆಯಾಗುತ್ತಿದ್ದರೆ ಇನ್ನೊಂದನ್ನು ನೋಡಬಹುದು. ಹೆಚ್ಚುತ್ತಿದ್ದರೆ, ಅಥವಾ ಮನೆಯ ಚಿನ್ನ ಅಡವಿಡುವ ಮಾತು ಬಂದರೆ ನಿಲ್ಲಿಸಿ. ಮರಳುವವರ ಪಿ.ಎಫ್. ಖಾತೆಯ ಯು.ಎ.ಎನ್. (ಕೆಲಸ ಬದಲಾದರೂ ಬದಲಾಗದ ಸದಸ್ಯ ಸಂಖ್ಯೆ) ಅದೇ ಇರುತ್ತದೆ, ಪಿಂಚಣಿಯ ಹಣ ತೆಗೆದಿರದಿದ್ದರೆ ಹಿಂದಿನ ಸೇವೆಯೂ ಹೊಸದಕ್ಕೆ ಕೂಡುತ್ತದೆ. ಸಂದರ್ಶನದಲ್ಲಿ ಆ ಎರಡು ವರ್ಷವನ್ನು ಮುಚ್ಚಿಡಬೇಡಿ. ಹಿಟ್ಟಿನ ಗಿರಣಿ ನಡೆಸಿದವರು ದಾಸ್ತಾನು, ಬಾಕಿ ವಸೂಲಿ, ಗಿರಾಕಿಗಳ ಜಗಳ ಎಲ್ಲವನ್ನೂ ನಿಭಾಯಿಸಿರುತ್ತಾರೆ. ಅದನ್ನು ಅಂಕಿಗಳೊಂದಿಗೆ ಹೇಳಿದರೆ ಕೇಳುವವರು ಕೇಳುತ್ತಾರೆ. ಸಂಬಳ ಮೊದಲಿಗಿಂತ ಕಡಿಮೆ ಸಿಕ್ಕೀತು, ಅದಕ್ಕೆ ತಯಾರಿರಿ. ಗಿರಣಿಯನ್ನು ಮಾರುವ ಮೊದಲು, ತಮ್ಮನೋ ಪಕ್ಕದ ಮನೆಯವರೋ ಗುತ್ತಿಗೆಗೆ ನಡೆಸಲು ಮುಂದೆ ಬರುತ್ತಾರೆಯೇ ಎಂದು ಒಂದು ಸಲ ವಿಚಾರಿಸಿ ನೋಡಿ.